ನಾಲ್ಕು ತಿಂಗಳ ಮೊಮ್ಮಗು, ದಮ್ಮಿನ ಅತ್ತೆ ಮತ್ತು ಡಿಸೆಂಬರಿನ ಕೆಮ್ಮು

ಪ್ರಶ್ನೆ: ನಾವು ಮೂವತ್ತು ವರ್ಷಗಳಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವವರು, ಊರು ಉಡುಪಿ ಕಡೆ. ಮನೆಯಲ್ಲಿ 74 ವರ್ಷದ ಅತ್ತೆ ಇದ್ದಾರೆ. ಹಳೆಯ ದಮ್ಮು, ಜೊತೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಹೊತ್ತು ಪಂಪ್ (ಇನ್ಹೇಲರ್) ತೆಗೆದುಕೊಳ್ಳುತ್ತಾರೆ. ಮಗಳು ಬಾಣಂತನಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ, ಮಗುವಿಗೆ ನಾಲ್ಕು ತಿಂಗಳು. ಕ್ರಿಸ್‌ಮಸ್ ರಜೆಗೆ ಮಗ ಲಂಡನ್ನಿನಿಂದ ಬರುತ್ತಾನೆ. 28ನೇ ತಾರೀಕು ಎಲ್ಲರೂ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಡಲು ಟಿಕೆಟ್ ಆಗಿದೆ. ಜನವರಿಯಲ್ಲಿ ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವ ನೋಡಿಕೊಂಡೇ ಬರಬೇಕೆಂದು ಅತ್ತೆಯ ಆಸೆ. ಆದರೆ ರಾತ್ರಿಯಾದರೆ ಟಿ.ವಿ.ಯಲ್ಲಿ ‘ಸೂಪರ್ ಫ್ಲೂ’, ವಾಟ್ಸಾಪ್‌ನಲ್ಲಿ ಚೀನಾದ ಆಸ್ಪತ್ರೆಯ ವಿಡಿಯೋ. ನಮ್ಮ ಮನೆಯವರು ಅದನ್ನೇ ನೋಡುತ್ತಾ ಕೂತು, ಟಿಕೆಟ್ ಕ್ಯಾನ್ಸಲ್ ಮಾಡು ಅನ್ನುತ್ತಾರೆ. ಯಾವ ಸುದ್ದಿ ನಂಬಬೇಕು ಡಾಕ್ಟ್ರೇ? ಹೋಗುವುದೋ ಬೇಡವೋ?

ಉತ್ತರ: ಅಮ್ಮಾ, ಮೊದಲು ಟಿಕೆಟ್ ವಿಷಯ. ಕ್ಯಾನ್ಸಲ್ ಮಾಡಬೇಡಿ. ಹೊರಡುವ ಹಿಂದಿನ ದಿನ ಮನೆಯಲ್ಲಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ನೋಡಿ ತೀರ್ಮಾನ ಮಾಡಿ. ಟಿ.ವಿ. ನೋಡಿ ಇಂದೇ ತೀರ್ಮಾನ ಮಾಡುವಂಥದ್ದು ಏನೂ ಆಗಿಲ್ಲ. ನಿಮ್ಮ ಮನೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಮನೆಯಲ್ಲಿ ಒಂದು ಹಸುಗೂಸು, ಒಬ್ಬರು ದಮ್ಮಿನ ಹಿರಿಯರು. ಶ್ವಾಸದ ವೈರಸ್ ನಿಜವಾಗಿ ಕಾಡುವುದು ಈ ಎರಡು ವಯಸ್ಸಿನವರನ್ನೇ. ಹೆದರಿಕೆ ಸರಿ, ಆದರೆ ಆ ಹೆದರಿಕೆಯಲ್ಲಿ ಅವರು ಲಂಡನ್ನು, ಚೀನಾ ಕಡೆ ನೋಡುತ್ತಾ ಕೂತಿದ್ದಾರೆ. ಅಪಾಯ ಬರುವುದಾದರೆ ಪಕ್ಕದ ಫ್ಲಾಟಿನ ನೆಗಡಿಯಿಂದ, ಮಗುವನ್ನು ನೋಡಲು ಬರುವ ಬಂಧುಗಳಿಂದ ಬರುತ್ತದೆ.

‘ಸೂಪರ್ ಫ್ಲೂ’ ವೈದ್ಯಶಾಸ್ತ್ರ ಇಟ್ಟ ಹೆಸರಲ್ಲ. ಅದು ಎಚ್‌3ಎನ್‌2 ಎಂಬ ಫ್ಲೂ. 1968ರಿಂದ ಮನುಷ್ಯರಲ್ಲಿ ಓಡಾಡಿಕೊಂಡಿದೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ವೇಷ ಬದಲಿಸುತ್ತದೆ. 2025ರಲ್ಲಿ ಬದಲಾದ ಕವಲಿಗೆ ‘ಕೆ’ ಎಂಬ ಅಕ್ಷರ ಸಿಕ್ಕಿದೆ. ಬ್ರಿಟನ್, ಜಪಾನ್‌ಗಳಲ್ಲಿ ಫ್ಲೂ ಕಾಲ ಆ ವರ್ಷ ಬೇಗ ಶುರುವಾಯಿತು, ಹಾಗಾಗಿ ಅಲ್ಲಿ ಗದ್ದಲ ಹೆಚ್ಚಾಯಿತು. ಆದರೆ ಅವರ ಚಳಿಗಾಲವನ್ನು ನಮ್ಮ ಕ್ಯಾಲೆಂಡರಿಗೆ ಹಾಗೆಯೇ ಅಂಟಿಸಲು ಬರುವುದಿಲ್ಲ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ, ಒಮ್ಮೆ ಜನವರಿಯಿಂದ ಮಾರ್ಚ್ ತನಕ, ಇನ್ನೊಮ್ಮೆ ಮಳೆಗಾಲದ ಕೊನೆಗೆ. ಮುಂಬೈಯಲ್ಲಂತೂ ಮಳೆಯ ಜೊತೆಯ ಏರಿಕೆಯೇ ದೊಡ್ಡದು. ನಲವತ್ತು ವರ್ಷ ಈ ಊರಲ್ಲಿ ರೋಗಿಗಳನ್ನು ನೋಡಿದ್ದೇನೆ. ನನ್ನ ಕ್ಲಿನಿಕ್‌ನ ಬೆಂಚು ತುಂಬಿ ಹೊರಗೆ ಮೆಟ್ಟಿಲ ಮೇಲೂ ಜನ ಕೂರುವುದು ಜುಲೈ, ಆಗಸ್ಟಿನಲ್ಲಿ.

2025ರ ಜನವರಿ ನೆನಪಿದೆಯಲ್ಲ? ಆಗ ಎಚ್‌ಎಂಪಿವಿ. ಅದೂ ಶ್ವಾಸದ ಒಂದು ವೈರಸ್. ಚೀನಾದ ವಿಡಿಯೋಗಳು ಬಂದವು. ಬೆಂಗಳೂರಿನಲ್ಲಿ ಮೂರು ತಿಂಗಳ ಮತ್ತು ಎಂಟು ತಿಂಗಳ ಎರಡು ಮಕ್ಕಳಲ್ಲಿ ಅದು ಸಿಕ್ಕಿದೆ ಎಂದು ಜನವರಿ 6ರಂದು ಪ್ರಕಟವಾಯಿತು. ಮರುದಿನ ಎಲ್ಲ ಕಡೆ ‘ಭಾರತಕ್ಕೆ ಕಾಲಿಟ್ಟ ಹೊಸ ವೈರಸ್’. ಆ ಎರಡು ಮಕ್ಕಳೂ ವಿದೇಶಕ್ಕೆ ಹೋದವರಲ್ಲ. ಅದು ಹೊಸ ವೈರಸ್ಸೂ ಅಲ್ಲ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 2001ರಲ್ಲೇ ಅದನ್ನು ಗುರುತಿಸಿದ್ದರು. ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಅದಕ್ಕಿಂತ ದಶಕಗಳ ಮೊದಲಿನಿಂದಲೇ ಅದು ಜನರಲ್ಲಿತ್ತೆಂದು ಗೊತ್ತಾಯಿತು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಒಮ್ಮೆ ಬಂದು ಹೋಗಿರುತ್ತದೆ. ನಿಮ್ಮ ಮಗಳಿಗೂ ಬಂದಿತ್ತು, ನೀವು ‘ಶೀತ ಜ್ವರ’ ಎಂದು ಬೆಚ್ಚಗೆ ಹೊದಿಸಿ ಮಲಗಿಸಿದ್ದಿರಿ, ಅಷ್ಟೇ.

‘ಮೊದಲ ಕೇಸ್’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನ ಗಾಬರಿ ಹುಟ್ಟುವುದು ಅಲ್ಲಿಂದ. ಮೊದಲ ಕೇಸ್ ಅಂದರೆ ಪರೀಕ್ಷೆಯಲ್ಲಿ ಸಿಕ್ಕ ಮೊದಲ ಕೇಸ್. ಮೊದಲೆಲ್ಲ ಕೆಮ್ಮು ಬಂದ ಮಗುವಿನ ಮೂಗಿನಿಂದ ಮಾದರಿ ತೆಗೆದು ಹದಿನೈದು ಇಪ್ಪತ್ತು ವೈರಸ್ಸುಗಳನ್ನು ಒಟ್ಟಿಗೆ ಹುಡುಕುವ ವ್ಯವಸ್ಥೆಯೇ ಇರಲಿಲ್ಲ. ಕೋವಿಡ್ ಬಳಿಕ ದೊಡ್ಡ ಆಸ್ಪತ್ರೆಗಳಲ್ಲಿ ಅದು ಮಾಮೂಲಾಗಿದೆ. ದೀಪ ಹಚ್ಚಿದಾಗ ಕೋಣೆಯಲ್ಲಿರುವ ಸಾಮಾನು ಕಾಣುತ್ತದೆ, ಆಗ ತಂದಿಟ್ಟದ್ದಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮಾಡುತ್ತಿರುವುದು ಇದೇ ದೀಪ ಹಚ್ಚುವ ಕೆಲಸ, 1952ರಿಂದ. ನಮ್ಮ ಕಡೆಯವರಿಗೆ ಆ ಸಂಸ್ಥೆಯ ಋಣ ಹಳೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಜನ ಜ್ವರದಿಂದ ಸಾಯುತ್ತಿದ್ದರು. ಪುಣೆಯಿಂದ ಹೋದವರೇ ಮಂಗನ ಕಾಯಿಲೆಯ ವೈರಸ್ಸನ್ನು ಕಂಡುಹಿಡಿದರು. ಅಂಥ ಜಾಗದಿಂದ ‘ಹೊಸ ತಳಿ ಪತ್ತೆ’ ಎಂಬ ಸುದ್ದಿ ಬಂದರೆ ಕಾವಲಿನವರು ಎಚ್ಚರವಾಗಿದ್ದಾರೆ ಎಂದು ನಾನು ಸಮಾಧಾನಪಡುತ್ತೇನೆ.

ಹಾಗೆಂದು ಎಲ್ಲ ಸುದ್ದಿಯೂ ಸುಮ್ಮನೆ ಎನ್ನಲಾರೆ. ಕೋವಿಡ್ಡಿನ ಓಮೈಕ್ರಾನ್ ತಳಿಯ ಅಲೆ ನಮ್ಮ ಕಣ್ಣೆದುರೇ ನಡೆಯಿತು. 2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹೆಸರಿಟ್ಟಿತು. ಆರು ವಾರ ತುಂಬುವ ಹೊತ್ತಿಗೆ, ಜನವರಿ ಮೊದಲ ವಾರದಲ್ಲಿ, ಮುಂಬೈ ನಗರವೊಂದರಲ್ಲೇ ದಿನಕ್ಕೆ ಇಪ್ಪತ್ತು ಸಾವಿರ ಕೇಸು ದಾಟಿತ್ತು. ಆ ಸುದ್ದಿ ನೋಡಿ ಪ್ರಯಾಣ ಮುಂದೂಡಿದವರು ಸರಿಯಾದದ್ದನ್ನೇ ಮಾಡಿದರು. ಅದಕ್ಕೆ ಎರಡು ವರ್ಷದ ಮೇಲೆ, 2023ರ ಡಿಸೆಂಬರಿನಲ್ಲಿ, ಕೋವಿಡ್ಡಿನದೇ ಇನ್ನೊಂದು ತಳಿ ಜೆಎನ್.1 ಬಂತು. ಕೇರಳದಲ್ಲಿ, ಗೋವಾದಲ್ಲಿ ಸಿಕ್ಕಿತೆಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಬಂದಿತ್ತು. ಗೋವಾಕ್ಕೆ ರಜೆಗೆ ಹೊರಟವರು ನನಗೆ ಫೋನಿನ ಮೇಲೆ ಫೋನ್ ಮಾಡಿದರು. ಆದರೆ ಆ ಸಲ ಆಸ್ಪತ್ರೆಗಳು ತುಂಬಲಿಲ್ಲ.

ಎರಡರ ವ್ಯತ್ಯಾಸ ತಲೆಬರಹದಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ಮನೆಯವರಿಗೆ ಹೀಗೆ ಹೇಳಿ: ಕೇಸು ಎಷ್ಟು ಎಂದಷ್ಟೇ ನೋಡಬೇಡಿ, ಎಷ್ಟು ಜನರನ್ನು ಪರೀಕ್ಷೆ ಮಾಡಿದಾಗ ಅಷ್ಟು ಸಿಕ್ಕಿತು ಎಂದು ನೋಡಿ. ನೂರರಲ್ಲಿ ಹತ್ತಕ್ಕೂ ಹತ್ತು ಸಾವಿರದಲ್ಲಿ ಹತ್ತಕ್ಕೂ ಅಜಗಜಾಂತರ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಉಸಿರಾಟದ ತೊಂದರೆಗೆ ಸೇರುವವರು ಕಳೆದ ತಿಂಗಳಿಗಿಂತ ಹೆಚ್ಚಾಗಿದ್ದಾರೆಯೇ ಎಂದು ನೋಡಿ. ಕೇಂದ್ರ ಆರೋಗ್ಯ ಸಚಿವಾಲಯ, ಐಸಿಎಂಆರ್, ಮಹಾನಗರಪಾಲಿಕೆ ಹೇಳಿದ್ದು ಸುದ್ದಿಯೊಳಗೆ ಇದೆಯೇ, ಅಥವಾ ಬರೀ ‘ವೈರಲ್ ವಿಡಿಯೋ’ ಎಂದಿದೆಯೇ ನೋಡಿ. ವಿಡಿಯೋಕ್ಕೆ ತಾರೀಕು ಇಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಬೆಳಿಗ್ಗೆ ಪತ್ರಿಕೆ ಬಂದಾಗ ಹತ್ತು ನಿಮಿಷ ಇದಕ್ಕೆ ಸಾಕು. ರಾತ್ರಿ ಹನ್ನೊಂದಕ್ಕೆ ನೋಡಿದ ಸುದ್ದಿಯಿಂದ ಆ ಹೊತ್ತಿನಲ್ಲಿ ನೀವು ಮಾಡಬಹುದಾದದ್ದು ಏನೂ ಇರುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ.

ಈಗ ಮಗುವಿನ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ಮಗಳಿಗೂ ಓದಿಸಿ.

ನಾಲ್ಕು ತಿಂಗಳ ಮಗುವಿನಲ್ಲಿ ಆರ್‌ಎಸ್‌ವಿ, ಎಚ್‌ಎಂಪಿವಿ, ಫ್ಲೂ, ಹೀಗೆ ಶ್ವಾಸದ ಯಾವ ವೈರಸ್ ಬಂದರೂ ಶುರುವಾಗುವುದು ಮೂಗು ಸೋರುವುದರಿಂದಲೇ. ಶ್ವಾಸನಾಳಗಳು ಆ ವಯಸ್ಸಿನಲ್ಲಿ ಎಷ್ಟು ಸಣ್ಣವೆಂದರೆ, ಸ್ವಲ್ಪ ಕಫ ಕಟ್ಟಿದರೂ ಸಾಕು, ಮಗು ಉಸಿರಿಗಾಗಿ ದುಡಿಯಬೇಕಾಗುತ್ತದೆ. ವೈರಸ್ಸಿನ ಹೆಸರು ತಿಳಿದರೂ ತಿಳಿಯದಿದ್ದರೂ ಮನೆಯಲ್ಲಿ ನೋಡಬೇಕಾದದ್ದು ಈ ದುಡಿಮೆಯನ್ನೇ. ಮಗು ಮಲಗಿರುವಾಗ ಅಥವಾ ಹಾಲು ಕುಡಿದು ಸುಮ್ಮನಿರುವಾಗ ಅಂಗಿಯನ್ನು ಎದೆಯ ತನಕ ಎತ್ತಿ. ಬೆಳಕು ಇರಲಿ. ಹೊಟ್ಟೆ ಒಮ್ಮೆ ಮೇಲೆ ಬಂದು ಕೆಳಗೆ ಹೋದರೆ ಒಂದು ಉಸಿರು. ಸೆಕೆಂಡಿನ ಮುಳ್ಳಿರುವ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಹಸುಗೂಸುಗಳು ಒಂದೇ ಲಯದಲ್ಲಿ ಉಸಿರಾಡುವುದಿಲ್ಲ. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಒಂದು ವರ್ಷ ದಾಟಿದ ಮಗುವಿಗೆ ಆ ಗೆರೆ 40. ಇನ್ನೊಂದು, ಪಕ್ಕೆಲುಬುಗಳ ಕೆಳಗಿನ ಅಂಚು ನೋಡಿ. ಉಸಿರು ಎಳೆದಾಗ ಅಲ್ಲಿ ಚರ್ಮ ಗುಳಿ ಬಿದ್ದ ಹಾಗೆ ಒಳಗೆ ಹೋಗುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ಸಣ್ಣಗೆ ನರಳುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಯಾವಾಗಲೂ ಕುಡಿಯುವುದರಲ್ಲಿ ಅರ್ಧವನ್ನೂ ಕುಡಿಯದಿದ್ದರೆ, ಆರೆಂಟು ಗಂಟೆ ಉಚ್ಚೆಯೇ ಹೊಯ್ಯದಿದ್ದರೆ, ತುಟಿ ನೀಲಿಯಾದರೆ ಆಗಲೂ ಅಷ್ಟೇ, ಆ ರಾತ್ರಿಯೇ ಆಸ್ಪತ್ರೆ.

ಮಾಡಬಾರದ್ದೂ ಕೆಲವಿವೆ. ಅಜ್ಜಿ ಪ್ರೀತಿಯಿಂದ ಜೇನು ನೆಕ್ಕಿಸಲು ಬರುತ್ತಾರೆ. ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತವೆ. ಕೆಮ್ಮಿನ ಸಿರಪ್ಪೂ ಬೇಡ. 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಔಷಧ ಬರೆಯಬಾರದೆಂದು ಮತ್ತೆ ಸ್ಪಷ್ಟವಾಗಿ ಹೇಳಿದೆ. ಬಿಸಿನೀರಿನ ಪಾತ್ರೆ ಇಟ್ಟು ಹಬೆ ಕೊಡುವುದು ಬೇಡ. ಮಗುವಿಗೆ ಹಬೆಯಿಂದ ಆಗುವ ಲಾಭಕ್ಕಿಂತ ಪಾತ್ರೆ ಮಗುಚಿ ಸುಟ್ಟ ಗಾಯಗಳನ್ನೇ ಹೆಚ್ಚು ನೋಡಿದ್ದೇನೆ. ಮೂಗು ಕಟ್ಟಿದರೆ ಸಲೈನ್ ಹನಿ, ಸ್ವಲ್ಪ ಸ್ವಲ್ಪವೇ ಆಗಾಗ ಎದೆಹಾಲು, ಅಷ್ಟೇ ಸಾಕು. ಬಾಣಂತಿಗೇ ಶೀತವಾದರೆ ಹಾಲು ನಿಲ್ಲಿಸಬಾರದು. ಮಾಸ್ಕ್ ಹಾಕಿ ಕೈ ತೊಳೆದು ಕುಡಿಸಲಿ. ಮಗುವನ್ನು ಕಾಯುವ ಅಂಶ ಆ ಹಾಲಿನಲ್ಲೇ ಇದೆ.

ಫ್ಲೂ ಲಸಿಕೆ ಆರು ತಿಂಗಳು ತುಂಬದ ಮಗುವಿಗೆ ಕೊಡುವಂತಿಲ್ಲ. ಹಾಗಾಗಿ ಸುತ್ತಲಿನ ನೀವೆಲ್ಲ ತೆಗೆದುಕೊಳ್ಳಿ. ಹಾಲು ಕುಡಿಸುವ ತಾಯಿಯೂ ತೆಗೆದುಕೊಳ್ಳಬಹುದು. ಅತ್ತೆಗಂತೂ ಇದು ಬಹಳ ಮುಖ್ಯ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಕಟ್ಟಲು ಸುಮಾರು ಎರಡು ವಾರ ಬೇಕು, ಆದ್ದರಿಂದ ಇದನ್ನು ಓದಿದ ದಿನವೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಈಗ ನಾಲ್ಕು ತಳಿಯ ಲಸಿಕೆಯ ಬದಲು ಮೂರು ತಳಿಯದ್ದು ಬರುತ್ತಿದೆ. ಹಳೆಯ ಸರಕೆಂದು ಬಿಡಬೇಡಿ. ಫ್ಲೂ ವೈರಸ್ಸಿನ ಯಮಗಾಟಾ ಎಂಬ ಕವಲು 2020ರ ಮಾರ್ಚ್ ಬಳಿಕ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ, ಆದ್ದರಿಂದ ಅದನ್ನು ತೆಗೆದಿದ್ದಾರೆ. ಅತ್ತೆಗೆ ನ್ಯುಮೋನಿಯಾ ಲಸಿಕೆ ಆಗಿದೆಯೋ ಎಂದೂ ಕೇಳಿ.

ಅತ್ತೆಯ ದಮ್ಮಿನ ಬಗ್ಗೆ ಒಂದು ಮಾತು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆ ಎಂದು ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹಳೆಯ ದಮ್ಮಿನವರಿಗೆ ಆ ಲೆಕ್ಕ ನೇರವಾಗಿ ಹೊಂದುವುದಿಲ್ಲ, ಕೆಲವರಿಗೆ ಚೆನ್ನಾಗಿರುವಾಗಲೇ 91, 92 ಇರುತ್ತದೆ. ಈ ವಾರ ಮೂರು ದಿನ, ಅವರು ಊಟ ಮಾಡಿ ಆರಾಮವಾಗಿ ಕೂತಿರುವಾಗ ನೋಡಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣ, ದಟ್ಟ ಮೆಹಂದಿ ಇರಬಾರದು. ಕಾಯಿಲೆ ಬಿದ್ದಾಗ ಆ ಮಾಮೂಲು ಸಂಖ್ಯೆಗಿಂತ ಮೂರು ನಾಲ್ಕು ಇಳಿದು ಅಲ್ಲೇ ನಿಂತರೆ, ಒಂದು ವಾಕ್ಯ ಪೂರ್ತಿ ಮಾತಾಡಲು ದಮ್ಮು ಸಾಲದಿದ್ದರೆ, ಕಫ ಹಳದಿ ಹಸಿರಾಗಿ ಹೆಚ್ಚಾದರೆ, ಮಂಕಾಗಿ ಮಲಗಿಯೇ ಇದ್ದರೆ ತಡಮಾಡಬೇಡಿ. ಮೈಕೈ ನೋವಿನ ಜೊತೆ ಗಟ್ಟಿ ಜ್ವರ ಬಂದರೆ ಮೊದಲ ದಿನವೇ ತೋರಿಸಿ. ಫ್ಲೂ ಆಗಿದ್ದರೆ ಅದಕ್ಕೆ ಔಷಧವಿದೆ, ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಗುಣ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ‘ಹೋದ ಸಲ ಇದೇ ಕೊಟ್ಟಿದ್ದರು’ ಎಂದು ಕೊಡಬೇಡಿ, ವೈರಸ್ಸಿಗೆ ಅದು ತಾಗುವುದೇ ಇಲ್ಲ. ಜ್ವರದಲ್ಲಿ ಸಕ್ಕರೆ ಏರುತ್ತದೆ, ಅದನ್ನೂ ನೋಡುತ್ತಿರಿ.

ಎಲ್ಲ ಕೆಮ್ಮೂ ವೈರಸ್ಸಲ್ಲ. ಡಿಸೆಂಬರಿನಲ್ಲಿ ಮುಂಬೈಯ ಸಮುದ್ರದ ಗಾಳಿ ದುರ್ಬಲ, ಬೀಸುವುದೂ ತಡವಾಗಿ. ಕಟ್ಟಡ ಕೆಲಸದ ಧೂಳು, ವಾಹನದ ಹೊಗೆ ರಾತ್ರಿಯಿಡೀ ತಗ್ಗಿನಲ್ಲೇ ನಿಲ್ಲುತ್ತದೆ. ಜ್ವರವಿಲ್ಲದೆ, ಮೈಕೈ ನೋವಿಲ್ಲದೆ, ಬೆಳಗಿನ ಹೊತ್ತು ಕೆರೆಕೆರೆ ಎನ್ನುವ ಒಣಕೆಮ್ಮು ಹೆಚ್ಚಾಗಿ ಇದೇ. ಆದ್ದರಿಂದ ಅತ್ತೆಯ ಬೆಳಗಿನ ವಾಕಿಂಗ್ ಬಿಸಿಲು ಏರಿದ ಮೇಲೆ ಇರಲಿ. ನೆಂಟರು ಬರುವುದೂ ಮಧ್ಯಾಹ್ನದ ಮೇಲಾದರೆ ಒಳ್ಳೆಯದು, ಆಗ ಹೊರಗಿನ ಗಾಳಿಯೂ ಸ್ವಲ್ಪ ತಿಳಿಯಾಗಿರುತ್ತದೆ, ಕಿಟಕಿಗಳನ್ನು ತೆರೆದಿಡಬಹುದು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಕಾಯಿಲ್, ಧೂಪ ಬೇಡ.

ನೆಂಟರೆಂದೆ. ನಿಮ್ಮ ಪತ್ರದಲ್ಲಿ ಬರೆಯದಿದ್ದರೂ ನಿಮ್ಮ ನಿಜವಾದ ಕಷ್ಟ ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಊರಿಗೆ ಹೋದ ಮೇಲೆ ದಿನಕ್ಕೆ ಹತ್ತು ಜನ ಮಗುವನ್ನು ನೋಡಲು ಬರುತ್ತಾರೆ. ಒಬ್ಬರು ಸೀನುತ್ತಲೇ ‘ಕೊಡಿ ಇಲ್ಲಿ, ನಾನು ಎತ್ತಿಕೊಳ್ಳುತ್ತೇನೆ’ ಎಂದು ಕೈ ಚಾಚುತ್ತಾರೆ. ಬೇಡ ಅಂದರೆ ಜನ್ಮಪೂರ್ತಿ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ನನ್ನ ರೋಗಿಗಳ ಮನೆಯವರಿಗೆ ಹೇಳಿಕೊಡುವುದು ಇಷ್ಟೇ: ಬೇಡ ಎನ್ನುವ ಕೆಲಸ ಬಾಣಂತಿಯ ತಲೆಗೆ ಕಟ್ಟಬೇಡಿ. ಮನೆಯ ಹಿರಿಯರೊಬ್ಬರು ಹೊತ್ತುಕೊಳ್ಳಲಿ. ನಿಮ್ಮ ಯಜಮಾನರೇ ಬಾಗಿಲಲ್ಲಿ ಕೂತು, ‘ಡಾಕ್ಟ್ರು ಹೇಳಿದ್ದಾರೆ, ಶೀತ ಇದ್ದವರು ಇಲ್ಲಿಂದಲೇ ನೋಡಿ, ಬನ್ನಿ ಕಾಫಿ ಕುಡಿಯುವ’ ಎನ್ನಲಿ. ರಾತ್ರಿಯೆಲ್ಲ ಸುದ್ದಿ ನೋಡುವ ಅವರ ಕಾಳಜಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಸರು ನನ್ನದೇ ಹೇಳಿ, ಬೇಸರ ನನ್ನ ಮೇಲೆ ಬರಲಿ. ಶೀತ ಇಲ್ಲದವರೂ ಕೈ ತೊಳೆದೇ ಎತ್ತಿಕೊಳ್ಳಲಿ. ಕೆನ್ನೆಗೆ ಮುತ್ತು ಬೇಡ, ಪಾದ ಮುಟ್ಟಿ ಮುದ್ದು ಮಾಡಲಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ಕ್ಲಿನಿಕ್ ಮುಗಿಸಿ ಮನೆಗೆ ಬಂದೆ. ಗಂಟಲು ಕೆರೆಯುತ್ತಿತ್ತು. ‘ಸಣ್ಣ ಶೀತ’ ಎಂದುಕೊಂಡು ಅಮ್ಮನ ಪಕ್ಕದಲ್ಲೇ ಕೂತು ಗಂಜಿ ಉಂಡೆ, ಅವರ ತಟ್ಟೆಯ ಉಪ್ಪಿನಕಾಯಿಯನ್ನೇ ತೆಗೆದುಕೊಂಡೆ. ನನಗೆ ಎರಡು ದಿನದಲ್ಲಿ ವಾಸಿಯಾಯಿತು. 80 ದಾಟಿದ್ದ ಅಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿ ಬಂದರು, ಆದರೆ ಮೊದಲಿನ ಹಾಗೆ ಮೆಟ್ಟಿಲು ಹತ್ತಲು ಮತ್ತೆ ಆಗಲೇ ಇಲ್ಲ. ಪಕ್ಕದ ಕುರ್ಚಿ ಬಿಟ್ಟು ಎದುರಿನ ಕುರ್ಚಿಯಲ್ಲಿ ಕೂರಬಹುದಿತ್ತು, ಮಾಸ್ಕ್ ಹಾಕಬಹುದಿತ್ತು. ಡಾಕ್ಟರಾಗಿದ್ದೂ ಮಾಡಲಿಲ್ಲ.

ನಿಮ್ಮ ಮಗನಿಗೂ ಇದೇ ಮಾತು. ವರ್ಷದ ಮೇಲೆ ಬರುವ ಮಗನನ್ನು ದೂರ ಇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ವಿಮಾನದಲ್ಲಿ ಮಾಸ್ಕ್ ಹಾಕಿಕೊಂಡು ಬರಲಿ, ಬಂದ ಕೂಡಲೇ ಸ್ನಾನ ಮಾಡಲಿ. ಫ್ಲೂ ಸೋಂಕು ತಗಲಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನದಲ್ಲಿ ಲಕ್ಷಣ ಕಾಣುತ್ತದೆ. ಆ ನಾಲ್ಕು ದಿನ ಮಗುವಿನ ಮುಖಕ್ಕೆ ಮುಖ ತಾಗಿಸದೆ, ಅಜ್ಜಿಯ ಜೊತೆ ಕಿಟಕಿಯ ಹತ್ತಿರ ಮಾಸ್ಕ್ ಹಾಕಿಕೊಂಡೇ ಕೂತು ಮಾತಾಡಲಿ, ರಾತ್ರಿ ಬೇರೆ ಕೋಣೆಯಲ್ಲಿ ಮಲಗಲಿ.

ರೈಲಿನ ವಿಷಯ ಚಿಕ್ಕದು. 27ರಂದು ಯಾರಿಗಾದರೂ ಜ್ವರವಿದ್ದರೆ ಅವರು ಒಂದೆರಡು ದಿನ ತಡವಾಗಿ ಬರಲಿ. ಅತ್ತೆಗೋ ಮಗುವಿಗೋ ಆದರೆ ಮಾತ್ರ ಪ್ರಯಾಣ ಮುಂದೂಡಿ. ಅತ್ತೆಗೆ ಕೆಳಗಿನ ಬರ್ತ್ ಇರಲಿ, ಪಕ್ಕದವರು ಕೆಮ್ಮುತ್ತಿದ್ದರೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಹಾಕಲಿ. ಪಂಪ್, ಸ್ಪೇಸರ್, ಔಷಧದ ಚೀಟಿ ಕೈಚೀಲದಲ್ಲೇ ಇರಲಿ, ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಬೇಡ. ಪಂಪ್‌ನಲ್ಲಿ ಇನ್ನೂ ಎಷ್ಟು ಡೋಸ್ ಇದೆ ನೋಡಿ, ಹೊಸದೊಂದನ್ನು ಇಲ್ಲಿಂದಲೇ ಕೊಂಡುಹೋಗಿ. ಹಿಂದೆ ಡೀಸೆಲ್ ಎಂಜಿನ್ ಇದ್ದಾಗ ರತ್ನಾಗಿರಿ ಕಡೆಯ ಸುರಂಗಗಳಲ್ಲಿ ಹೊಗೆ ನುಗ್ಗಿ ದಮ್ಮಿನವರು ಒದ್ದಾಡುತ್ತಿದ್ದರು. 2022ರಲ್ಲಿ ಕೊಂಕಣ ಮಾರ್ಗವೆಲ್ಲ ವಿದ್ಯುತ್ತಿಗೆ ಬದಲಾದ ಮೇಲೆ ಆ ಕಷ್ಟ ಹೋಗಿದೆ.

ಪರ್ಯಾಯದ ಆಸೆಗೆ ಮಾತ್ರ ಸ್ವಲ್ಪ ತಡೆ ಹಾಕುತ್ತೇನೆ. ಜನವರಿ 18ರ ನಸುಕಿನಲ್ಲಿ, ಚಳಿ ಗಾಳಿಯಲ್ಲಿ, ಉಡುಪಿಯ ಜೋಡುಕಟ್ಟೆಯಿಂದ ರಥಬೀದಿಯ ತನಕ ಭುಜಕ್ಕೆ ಭುಜ ತಾಗುವ ಜನ ಇರುತ್ತಾರೆ. ಅಲ್ಲಿ ಅತ್ತೆಗೆ ದಮ್ಮು ಕಟ್ಟಿದರೆ ಹೊರಗೆ ಕರೆತರಲು ದಾರಿ ಸಿಗುವುದೇ ಕಷ್ಟ. ಮೆರವಣಿಗೆಯನ್ನು ಮನೆಯಲ್ಲಿ ಕಂಬಳಿ ಹೊದ್ದು ಟಿ.ವಿ.ಯಲ್ಲಿ ನೋಡಲಿ. ಗದ್ದಲ ಇಳಿದ ಮೇಲೆ ಒಂದು ವಾರದ ದಿನ ಮಧ್ಯಾಹ್ನ ಹತ್ತಿರದವರೆಗೆ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ, ನಿಧಾನವಾಗಿ ಕೃಷ್ಣನ ದರ್ಶನ ಮಾಡಿಸಿ. ಮಗುವನ್ನೂ ಅದೇ ದಿನ ಕರೆದುಕೊಂಡು ಹೋಗಬಹುದು.

ಇವತ್ತು ರಾತ್ರಿ ಮಗು ಮಲಗಿದ ಮೇಲೆ ನಿಮ್ಮ ಯಜಮಾನರ ಕೈಗೆ ಗಡಿಯಾರ ಕೊಡಿ. ಮಗು ಚೆನ್ನಾಗಿರುವಾಗಲೇ ಉಸಿರು ಎಣಿಸುವುದನ್ನು ಅವರು ಕಲಿಯಲಿ. ನಿಮಿಷಕ್ಕೆ ಎಷ್ಟು ಬಂತೆಂದು ಅತ್ತೆಯ ಸಂಖ್ಯೆಯ ಕೆಳಗೆ ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ, ಆ ಹಾಳೆಯನ್ನು ಊರಿಗೆ ಹೊರಡುವಾಗ ಔಷಧದ ಚೀಟಿಯ ಜೊತೆ ಮಡಚಿ ಇಟ್ಟುಕೊಳ್ಳಿ.